ಬಿಣಗಾದ ನಮ್ಮ ಅಂಗನವಾಡಿಗೆ ಐದಕ್ಕೆ ನಾಲ್ಕು ಅಂಕ, ಒಂದು ಕಡಿಮೆ ಆಗಿದ್ದು ಮಳೆಗಾಲದಲ್ಲಿ

ಹತ್ತು ತಿಂಗಳಿಂದ ನಮ್ಮ ಓಣಿಯ ಅಂಗನವಾಡಿಯನ್ನು ಹತ್ತಿರದಿಂದ ನೋಡುತ್ತಿದ್ದೇನೆ. ನನ್ನ ಮಕ್ಕಳು ದೊಡ್ಡವರಾಗಿದ್ದಾರೆ, ಮೊಮ್ಮಗ ಅಮೆರಿಕದಲ್ಲಿದ್ದಾನೆ. ನನಗೆ ಅಂಗನವಾಡಿಯಲ್ಲಿ ಸ್ವಂತ ಕೆಲಸ ಏನೂ ಇರಲಿಲ್ಲ. ಹೋಗಿದ್ದು ನಮ್ಮ ಬಾಡಿಗೆ ರೂಮಿನ ಹುಡುಗಿಗೋಸ್ಕರ.

ನಮ್ಮ ಮನೆ ಕಾರವಾರದ ಬಿಣಗಾ ಕಡೆ. ಹಿತ್ತಲಲ್ಲಿ ಸಾಲಾಗಿ ನಾಲ್ಕು ರೂಮು ಇವೆ. ಈ ಕಡೆ ಕಟ್ಟಡದ ಕೆಲಸ ಜಾಸ್ತಿ ಆದ ಮೇಲೆ ಬಾಡಿಗೆಗೆ ಬರುವವರು ಹೆಚ್ಚಾಗಿ ಒಡಿಶಾ, ಜಾರ್ಖಂಡದ ಕಡೆಯವರು. ಕಳೆದ ನವೆಂಬರಿನಲ್ಲಿ ಎರಡನೇ ರೂಮಿಗೆ ಒಂದು ಕುಟುಂಬ ಬಂತು. ಗಂಡ ಸೆಂಟ್ರಿಂಗ್ ಕೆಲಸಕ್ಕೆ, ಹೆಂಡತಿ ಸಿಮೆಂಟು ಹೊರುವುದಕ್ಕೆ. ನಾಲ್ಕು ವರ್ಷಕ್ಕೆ ಎರಡು ತಿಂಗಳು ಕಡಿಮೆ ಇರುವ ಒಂದು ಹುಡುಗಿ, ಒಂದೂವರೆ ವರ್ಷದ ಒಂದು ಗಂಡು. ಮೊದಲ ವಾರ ನಾನು ಏನೂ ಗಮನಿಸಲಿಲ್ಲ. ಎರಡನೇ ವಾರ ಬಟ್ಟೆ ಒಣಹಾಕಲು ಹೋದಾಗ ನೋಡಿದೆ, ಹುಡುಗಿ ಮೆಟ್ಟಿಲ ಮೇಲೆ ಕೂತು ಬಿಳಿ ಅನ್ನಕ್ಕೆ ಉಪ್ಪು ಹಾಕಿಕೊಂಡು ತಿನ್ನುತ್ತಿತ್ತು. ಮಾರನೇ ದಿನವೂ ಅದೇ. ಬೆಳಿಗ್ಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತು, ಮಧ್ಯಾಹ್ನ ಉಪ್ಪು ಅನ್ನ. ರಾತ್ರಿ ಅಪ್ಪ ಏನಾದರೂ ತಂದರೆ ಉಂಟು. ತಾಯಿ ಎಲ್ಲರದೂ ಆದ ಮೇಲೆ ಪಾತ್ರೆ ಕೆರೆದು ತಿನ್ನುತ್ತಿದ್ದಳು.

ಅದೇ ವರ್ಷ ಅಮೆರಿಕದ ಹೂಸ್ಟನ್‌ಗೆ ಹೋಗಿ ಬರದೇ ಇದ್ದಿದ್ದರೆ ನಾನು ಇದನ್ನು ನೋಡಿಯೂ ನೋಡದ ಹಾಗೆ ಇರುತ್ತಿದ್ದೆನೋ ಏನೋ. ಮಗಳ ಬಾಣಂತನಕ್ಕೆ ಅಂತ ಹೋಗಿ ಆರು ತಿಂಗಳು ಅಲ್ಲಿದ್ದೆ. ಅವಳ ಮನೆ ಹತ್ತಿರದ ಒಂದು ಚರ್ಚಿನ ಹಾಲಿನಲ್ಲಿ ಶನಿವಾರ ಬೆಳಿಗ್ಗೆ ದಿನಸಿ ಹಂಚುತ್ತಾರೆ. ಕೂತು ಬೇಸರ ಬಂದು ನಾನೂ ಅಳಿಯನ ಜೊತೆ ಚೀಲ ತುಂಬಲು ಹೋಗುತ್ತಿದ್ದೆ. ಸಾಲಿನಲ್ಲಿ ನಿಲ್ಲುವವರು ಹೆಚ್ಚಿನವರು ಸ್ಪ್ಯಾನಿಷ್ ಮಾತಾಡುವ ಚಿಕ್ಕ ಚಿಕ್ಕ ತಾಯಂದಿರು. ಮೆಕ್ಸಿಕೊ, ಹೊಂಡುರಾಸ್, ಎಲ್ ಸಾಲ್ವಡಾರ್ ಕಡೆಯಿಂದ ಬಂದ ಮನೆತನದವರು, ಅಲ್ಲಿ ಅವರನ್ನು ಹಿಸ್ಪ್ಯಾನಿಕ್ ಅನ್ನುತ್ತಾರೆ. ಗಂಡಂದಿರು ಮನೆಗಳಿಗೆ ಮಾಡು ಹಾಕುವವರು, ಗಾರೆ ಕೆಲಸದವರು, ಹುಲ್ಲು ಕತ್ತರಿಸುವವರು. ಸೊಂಟದ ಮೇಲೆ ಒಂದು ಮಗು, ಕೈಯಲ್ಲಿ ಒಂದು ಮಗು. ಅಷ್ಟು ದೊಡ್ಡ ದೇಶ, ಅಷ್ಟು ಉದ್ದದ ಅಂಗಡಿಗಳು, ಆದರೂ ಅಲ್ಲಿನ ಸರ್ಕಾರವೇ 2023ಕ್ಕೆ ಹೇಳಿದ ಲೆಕ್ಕ ಏನೆಂದರೆ ಇಡೀ ದೇಶದಲ್ಲಿ ನೂರಕ್ಕೆ 13.5 ಮನೆಗಳಿಗೆ ಊಟದ ಭದ್ರತೆ ಇಲ್ಲ, ಹಿಸ್ಪ್ಯಾನಿಕ್ ಮನೆಗಳಲ್ಲಿ ಅದು 21.9. ಐದು ಮನೆಗೆ ಒಂದಕ್ಕಿಂತ ಜಾಸ್ತಿ ಆಯಿತಲ್ವಾ.

ಆ ಲೆಕ್ಕ ಹಾಕಲು ಅವರು ಕೇಳುತ್ತಿದ್ದ ಪ್ರಶ್ನೆಗಳನ್ನು ಅಳಿಯ ತೋರಿಸಿದ್ದ. ಮಕ್ಕಳಿರುವ ಮನೆಗೆ ಹದಿನೆಂಟು ಪ್ರಶ್ನೆ. ಹಸಿದಿದ್ದೀರಾ ಅಂತ ಶುರುವಿಗೇ ಕೇಳುತ್ತಿರಲಿಲ್ಲ. ಕೈಗೆ ದುಡ್ಡು ಬರುವ ಮೊದಲೇ ದಿನಸಿ ಮುಗಿದು ಹೋಗುತ್ತದೆ ಅನ್ನೋ ಚಿಂತೆ ಇತ್ತಾ, ದೊಡ್ಡವರು ಊಟ ಬಿಟ್ಟಿದ್ದು ಉಂಟಾ, ಮಕ್ಕಳಿಗೆ ಅಗ್ಗದ ಒಂದೆರಡು ಪದಾರ್ಥದಲ್ಲೇ ದಿನ ದೂಡಿದ್ದು ಉಂಟಾ, ಹೀಗೆ. ಆ ಉಪ್ಪು ಅನ್ನ ನೋಡಿದಾಗ ನನಗೆ ನೆನಪಾಗಿದ್ದು ಆ ಮೂರನೇ ಪ್ರಶ್ನೆ. ಹೊಟ್ಟೆ ತುಂಬಿದೆ, ಆದರೆ ಮಗು ಉಂಡಿಲ್ಲ.

ಮೊದಲು ರೇಷನ್ ಕಡೆ ಹೋದೆವು. ಅವರ ಹತ್ತಿರ ಒಡಿಶಾದ ಕಾರ್ಡು ಇತ್ತು. ಕರ್ನಾಟಕದಲ್ಲಿ 2020ರ ಜನವರಿಯಿಂದಲೇ ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆ ಇದೆ. ಬೇರೆ ರಾಜ್ಯದ ಕಾರ್ಡಾದರೂ ಇಲ್ಲಿ ಹೆಬ್ಬೆಟ್ಟು ಒತ್ತಿ ಅಕ್ಕಿ ತೆಗೆದುಕೊಳ್ಳಬಹುದು. ಊರಲ್ಲಿರುವ ಅತ್ತೆ ತನ್ನ ಪಾಲನ್ನು ಅಲ್ಲೇ ತೆಗೆದುಕೊಳ್ಳುತ್ತಾರೆ, ಇವರ ಪಾಲು ಇವರಿಗೆ ಇಲ್ಲಿ. ನಾವು ಮೊದಲು ಹೋದ ಅಂಗಡಿಯವರು ನಡೆಯೋದಿಲ್ಲ ಅಂದುಬಿಟ್ಟರು. ಯಂತ್ರಕ್ಕೆ ನಂಬರು ಹಾಕಿ ಸಹ ನೋಡಲಿಲ್ಲ. ಇನ್ನೊಂದು ಅಂಗಡಿಯಲ್ಲಿ ಎರಡು ನಿಮಿಷದಲ್ಲಿ ಆಯಿತು. ಆದರೆ ಕಾರ್ಡಿನಲ್ಲಿ ಅತ್ತೆಯನ್ನು ಬಿಟ್ಟರೆ ಈ ಗಂಡ ಹೆಂಡತಿಯ ಹೆಸರು ಮಾತ್ರ ಇತ್ತು, ಮಕ್ಕಳ ಹೆಸರು ಸೇರಿಸಿರಲಿಲ್ಲ. ತಲೆಗೆ ಐದು ಕೆಜಿ ಲೆಕ್ಕದಲ್ಲಿ ಹತ್ತು ಕೆಜಿ, ನಾಲ್ಕು ಹೊಟ್ಟೆಗೆ. ಪುಕ್ಕಟೆ ಅಕ್ಕಿ ಅಂತ ನಾವು ಸುಮ್ನೆ ಮಾತಾಡುತ್ತೇವೆ, ಆದರೆ ಅಕ್ಕಿ ಅಂದರೆ ಅಕ್ಕಿ ಮಾತ್ರ. ಅದರ ಜೊತೆ ಬೇಳೆ, ಮೊಟ್ಟೆ, ಹಾಲು, ಸೊಪ್ಪು ಬೇಕಲ್ಲ, ಅದೂ ನಾಲ್ಕು ವರ್ಷದ ಮಗುವಿಗೆ.

ಹಾಗಾಗಿ ಅಂಗನವಾಡಿ. ಅಲ್ಲಿಯೂ ಮೊದಲು ಹೋದ ಕಡೆ ಆಗಲಿಲ್ಲ. ಆಧಾರ್ ವಿಳಾಸ ಇಲ್ಲಿಯದಲ್ಲ, ಊರಲ್ಲಿ ಹೆಸರು ಇರುತ್ತದೆ, ಇವರು ಇವತ್ತು ಇದ್ದು ನಾಳೆ ಹೋಗುವವರು ಅಂದರು. ಆ ಮಾತು ನನಗೆ ತುಂಬಾ ನೋವು ಕೊಟ್ಟಿತು. ನಾಳೆ ಹೋಗುವ ಮಗುವಿಗೆ ಇವತ್ತು ಹಸಿವಾಗುವುದಿಲ್ಲವಾ? ಕಾನೂನು ಹಾಗೆ ಹೇಳುವುದೂ ಇಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಆರು ತಿಂಗಳಿಂದ ಆರು ವರ್ಷದವರೆಗಿನ ಎಲ್ಲಾ ಮಕ್ಕಳಿಗೂ ಅಂಗನವಾಡಿಯ ಆಹಾರ ಹಕ್ಕು. ಬಡತನದ ಕಾರ್ಡು ತೋರಿಸು ಅಂತಲೂ ಇಲ್ಲ. 2006ರಲ್ಲೇ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಆರು ವರ್ಷದೊಳಗಿನ ನಲವತ್ತು ಮಕ್ಕಳಿರುವ ಕೇರಿಯವರು ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕು ಅಂತ ಹೇಳಿದೆ.

ಈಗ ನಾನು ಬರೆಯುತ್ತಿರುವ ಅಂಗನವಾಡಿ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಒಂದೇ ಹಾಲು, ಪಕ್ಕದಲ್ಲಿ ಅಡುಗೆ ಕೋಣೆ, ಮುಂದೆ ತಗಡಿನ ಮಾಡು. ಅಕ್ಕೋರು ಒಬ್ಬರು, ಸಹಾಯಕಿ ಒಬ್ಬರು. ನಾವು ಹೋದ ದಿನವೇ ಅಕ್ಕೋರು ಹುಡುಗಿಯನ್ನು ಒಳಗೆ ಕೂರಿಸಿಕೊಂಡು, ತಾಯಿಗೆ ಒಂದು ಲೋಟ ನೀರು ಕೊಟ್ಟು, ಆಮೇಲೆ ಕಾಗದ ಕೇಳಿದರು. ಆ ಕ್ರಮ ನನಗೆ ಇಷ್ಟ ಆಯಿತು. ಮೊಬೈಲಿನಲ್ಲಿ ಮಕ್ಕಳ ಹೆಸರು ದಾಖಲಿಸುವ ಪೋಷಣ್ ಟ್ರ್ಯಾಕರ್ ಅನ್ನೋ ಸರ್ಕಾರಿ ಆ್ಯಪ್ ಇರುವುದರಿಂದ ಬೇರೆ ಊರಲ್ಲಿ ಹೆಸರಿದ್ದರೂ ಇಲ್ಲಿಗೆ ವರ್ಗ ಮಾಡಿಕೊಳ್ಳಬಹುದಂತೆ. ಅದಕ್ಕೆ ಕೆಲವು ದಿನ ಹಿಡಿಯಿತು. ಊಟ ಮಾತ್ರ ಅವತ್ತೇ ಶುರುವಾಯಿತು.

ತೂಕ ಮಾಡಿದಾಗ 11.8 ಕೆಜಿ ಬಂತು. ತೋಳಿಗೆ ಬಣ್ಣದ ಪಟ್ಟಿ ಸುತ್ತಿ ನೋಡಿದರು, 12.2 ಸೆಂಟಿಮೀಟರು, ಹಳದಿ. ಆ ಪಟ್ಟಿಯಲ್ಲಿ 12.5ರ ಮೇಲೆ ಹಸಿರು, 11.5ರಿಂದ 12.5ರವರೆಗೆ ಹಳದಿ, ಅದರ ಕೆಳಗೆ ಕೆಂಪು. ತಾಯಿಗೆ ನಂಬರು ಅರ್ಥ ಆಗಲಿಲ್ಲ, ಬಣ್ಣ ಅರ್ಥ ಆಯಿತು. ಅವಳು ಆ ಪಟ್ಟಿಯನ್ನು ತಾನೇ ಕೈಯಲ್ಲಿ ಹಿಡಿದು ಹಸಿರು ಎಲ್ಲಿಂದ ಶುರು ಅಂತ ಬೆರಳಿಟ್ಟು ನೋಡಿದಳು.

ಊಟದ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಪುಡಿಯಿಂದ ಕಲಸಿದ ಕ್ಷೀರಭಾಗ್ಯದ ಹಾಲು. ಆಮೇಲೆ ಒಂದು ದಿನ ಮೊಳಕೆ ಹೆಸರುಕಾಳು, ಒಂದು ದಿನ ಶೇಂಗಾ ಚಿಕ್ಕಿ. ಮಧ್ಯಾಹ್ನ ಅನ್ನ ಸಾಂಬಾರು, ಕಿಚಡಿ, ಉಪ್ಪಿಟ್ಟು ಹೀಗೆ ಬದಲಾಗುತ್ತದೆ, ಮೊಟ್ಟೆಯ ದಿನ ಮೊಟ್ಟೆ. ಸಾಂಬಾರಿನಲ್ಲಿ ಬೇಳೆ ಇರುತ್ತದೆ, ಬರೀ ನೀರಲ್ಲ, ಇದನ್ನು ನಾನು ಹೇಳದೇ ಕೇಳದೇ ಹೋಗಿ ಮೂರು ಸಲ ನೋಡಿದ್ದೇನೆ. ತರಕಾರಿ ಭಾನುವಾರದ ಸಂತೆಯದು, ವಾರದ ಕೊನೆಗೆ ಸ್ವಲ್ಪ ಬಾಡಿರುತ್ತದೆ. ಪಾತ್ರೆ ಚೊಕ್ಕ. ಕುಡಿಯುವ ನೀರು ಕಾಯಿಸಿ ಆರಿಸಿದ್ದು.

ಆದರೆ ಮೊದಲ ವಾರ ಹುಡುಗಿ ಬಾಯಿ ತೆರೆಯಲೇ ಇಲ್ಲ. ಉಪ್ಪಿಟ್ಟಿನ ತಟ್ಟೆ ಮುಂದಿಟ್ಟರೆ ತುಟಿ ಬಿಗಿ ಹಿಡಿದು ಕೂರುತ್ತಿತ್ತು. ಖೀರ ಖೀರ ಅಂತ ಒಂದೇ ಸಮ ಹೇಳುತ್ತಿತ್ತು. ಅಕ್ಕೋರು ಪಾಯಸ ಕೇಳುತ್ತಿದೆ ಅಂದುಕೊಂಡು ಒಂದು ದಿನ ಬೆಲ್ಲ ಹಾಕಿ ಪಾಯಸವನ್ನೇ ಮಾಡಿದರು, ಅದನ್ನೂ ಮುಟ್ಟಲಿಲ್ಲ. ಆಮೇಲೆ ತಾಯಿಯನ್ನು ಕೇಳಿದರೆ ಗೊತ್ತಾಯಿತು, ಒಡಿಯಾದಲ್ಲಿ ಖೀರ ಅಂದರೆ ಹಾಲು. ಹಾಲು ದಿನಾ ಅಲ್ಲೇ ಇತ್ತು, ಮಗುವೂ ಅದನ್ನೇ ಕೇಳುತ್ತಿತ್ತು, ನಡುವೆ ಮಾತು ಇರಲಿಲ್ಲ ಅಷ್ಟೆ.

ಬೀಗ ತೆಗೆದಿದ್ದು ಸಹಾಯಕಿ. ಅವರ ಮನೆಮಾತು ಕೊಂಕಣಿ. ಅನ್ನ ಬಸಿಯುವಾಗ ಅಕ್ಕೋರಿಗೆ ಏನೋ ಹೇಳುತ್ತಾ ಪೇಜ ಅಂದರು. ನಮ್ಮ ಕಡೆ ಕೊಂಕಣಿಯಲ್ಲಿ ಗಂಜಿಗೆ ಪೇಜ ಅನ್ನುತ್ತಾರೆ. ಮೂಲೆಯಲ್ಲಿ ಕೂತಿದ್ದ ಹುಡುಗಿ ತಟ್ಟನೆ ತಿರುಗಿ ನೋಡಿತು. ಒಡಿಯಾದಲ್ಲೂ ಅನ್ನದ ಗಂಜಿಗೆ ಪೇಜ ಅಂತಲೇ ಹೇಳುತ್ತಾರೆ. ಸಹಾಯಕಿ ಒಂದು ಬಟ್ಟಲು ಗಂಜಿತಿಳಿಗೆ ಚೂರು ಉಪ್ಪು ಹಾಕಿ, ಎರಡು ಚಮಚ ಅನ್ನ ಬೇಳೆ ಕಿವುಚಿ ಕೊಟ್ಟರು. ಹುಡುಗಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಕುಡಿಯಿತು. ಅವತ್ತಿನಿಂದ ಇವತ್ತಿನವರೆಗೆ ಊಟ ಬಿಟ್ಟಿಲ್ಲ. ಈಗ ಉಪ್ಪಿಟ್ಟೂ ತಿನ್ನುತ್ತದೆ.

ಈ ಒಂದು ಕಾರಣಕ್ಕೇ ನಾನು ಈ ಅಂಗನವಾಡಿಗೆ ನಾಲ್ಕು ಕೊಡುತ್ತಿರುವುದು. ಅಕ್ಕೋರು ಆಮೇಲೆ ಒಡಿಯಾದ ಹದಿನೈದಿಪ್ಪತ್ತು ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಅಡುಗೆ ಕೋಣೆ ಬಾಗಿಲಿಗೆ ಅಂಟಿಸಿದರು. ಪಾಣಿ, ಭಾತ, ಖೀರ, ಅಂಡಾ, ಭೋಕ. ಭೋಕ ಅಂದರೆ ಹಸಿವು. ಯಾರೂ ಅವರಿಗೆ ಮಾಡಿ ಅಂತ ಹೇಳಿರಲಿಲ್ಲ.

ಹೂಸ್ಟನ್‌ನಲ್ಲೂ ಇದೇ ಆಗಿತ್ತು, ಅದಕ್ಕೇ ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ. ಮೊದಮೊದಲು ಅಲ್ಲಿ ಎಲ್ಲರಿಗೂ ಒಂದೇ ಥರದ ತುಂಬಿದ ಚೀಲ ಕೊಡುತ್ತಿದ್ದರು. ಅದರಲ್ಲಿ ಆ ತಾಯಂದಿರು ಯಾವತ್ತೂ ಅಡುಗೆ ಮಾಡದ ಡಬ್ಬಿಗಳು. ಹೋಗುವಾಗ ಬಾಗಿಲ ಹತ್ತಿರದ ಬೆಂಚಿನ ಮೇಲೆ ಬಿಟ್ಟು ಹೋಗುತ್ತಿದ್ದರು. ನಾನಿದ್ದಾಗಲೇ ಅದನ್ನು ಬದಲಾಯಿಸಿ ಅಂಗಡಿಯ ಹಾಗೆ ಹಲಗೆ ಮೇಲೆ ಜೋಡಿಸಿದರು. ಬೇಕಾದ್ದನ್ನು ಅವರೇ ಆರಿಸಿಕೊಳ್ಳಬೇಕು. ಮೆಕ್ಕೆಜೋಳದ ಹಿಟ್ಟು, ಕಪ್ಪು ಬೀನ್ಸು, ಅಕ್ಕಿ ಮೊದಲು ಖಾಲಿಯಾಗುತ್ತಿದ್ದವು. ಸ್ಪ್ಯಾನಿಷ್ ಬರುವ ಒಬ್ಬ ಹೆಂಗಸು ಬಾಗಿಲಲ್ಲಿ ಕೂರಲು ಶುರು ಮಾಡಿದ ಮೇಲೆ ಸಾಲು ಉದ್ದ ಆಯಿತು.

ಅಲ್ಲಿ ತಾಯಿ ಮಕ್ಕಳ ಆಹಾರಕ್ಕೆ ಇರುವ ಸರ್ಕಾರದ ಯೋಜನೆ ವಿಕ್ (WIC) ಅಂತ. 1972ರಲ್ಲಿ ಪ್ರಯೋಗಕ್ಕೆ ಶುರುವಾಗಿ 1975ರಲ್ಲಿ ಕಾಯಂ ಆಯಿತು. ನಮ್ಮ ಅಂಗನವಾಡಿ ಯೋಜನೆಯೂ ಅದೇ 1975ರ ಅಕ್ಟೋಬರ್ 2ಕ್ಕೆ ಶುರುವಾಗಿದ್ದು, ಕರ್ನಾಟಕದಲ್ಲಿ ಮೊದಲು ತಿ. ನರಸೀಪುರದಲ್ಲಿ. ವಿಕ್ ಬಸುರಿ ಬಾಣಂತಿಯರಿಗೆ ಮತ್ತು ಐದು ವರ್ಷ ತುಂಬುವವರೆಗೆ ಮಕ್ಕಳಿಗೆ. ಹಾಲು, ಮೊಟ್ಟೆ, ಬೀನ್ಸು, ಧಾನ್ಯ ಎಲ್ಲಾ ಒಂದು ಕಾರ್ಡಿನಲ್ಲಿ ಬರುತ್ತದೆ, ಅಂಗಡಿಗೆ ಹೋಗಿ ತರಬೇಕು. ಮೊದಲು ಆ ಪಟ್ಟಿಯಲ್ಲಿ ಹಣ್ಣು ತರಕಾರಿಗೆ ಅಂತ ಪ್ರತ್ಯೇಕ ದುಡ್ಡು ಇರಲಿಲ್ಲ. 2009ರಲ್ಲಿ ಅದನ್ನು ಸೇರಿಸಿದರು, ಜೊತೆಗೆ ಬ್ರೆಡ್ಡಿನ ಬದಲು ಮೆಕ್ಕೆಜೋಳದ ಟೋರ್ಟಿಯಾ ತೆಗೆದುಕೊಳ್ಳಬಹುದು ಅಂತ ಮಾಡಿದರು. ಟೋರ್ಟಿಯಾ ಅಂದರೆ ಅವರ ರೊಟ್ಟಿ. ಚಿಕ್ಕ ಬದಲಾವಣೆ ಅನಿಸಬಹುದು, ಆದರೆ ನಮಗೆ ಯಾರಾದರೂ ಅಕ್ಕಿ ಬದಲು ತಿಂಗಳಿಡೀ ಬ್ರೆಡ್ಡು ಕೊಟ್ಟರೆ ನಾವು ಎಷ್ಟು ದಿನ ತೆಗೆದುಕೊಳ್ಳುತ್ತೇವೆ?

ಕಷ್ಟಗಳೂ ಇವೆ. ಪಟ್ಟಿಯಲ್ಲಿರುವ ಅಳತೆಯ ಡಬ್ಬಿಯನ್ನೇ ತರಬೇಕು. ಅಳತೆ ತಪ್ಪಿದರೆ ಬಿಲ್ ಮಾಡುವ ಕಡೆ ಕಾರ್ಡು ತೆಗೆದುಕೊಳ್ಳುವುದಿಲ್ಲ, ಹಿಂದೆ ಸಾಲು ಕಾಯುತ್ತಿರುತ್ತದೆ, ಅವಮಾನ ಆಗುತ್ತದೆ. ಅದಕ್ಕಿಂತ ದೊಡ್ಡದು ಹೆದರಿಕೆ. 2019ರಲ್ಲಿ ಅಲ್ಲಿನ ಸರ್ಕಾರ, ಸರ್ಕಾರಿ ಸಹಾಯ ತೆಗೆದುಕೊಂಡವರಿಗೆ ಕಾಯಂ ಆಗಿ ಇರುವ ಪರವಾನಗಿ ಸಿಗುವುದು ಕಷ್ಟ ಆಗುವಂತೆ ನಿಯಮ ತಂದಿತ್ತು. ವಿಕ್ ಅದರಲ್ಲಿ ಸೇರಿರಲೇ ಇಲ್ಲ. ಆದರೂ ಎಷ್ಟೋ ತಾಯಂದಿರು ಹೆದರಿ ಹೆಸರು ತೆಗೆಸಿದರು. 2021ರಲ್ಲಿ ಆ ನಿಯಮ ರದ್ದಾಯಿತು, ಹೆದರಿಕೆ ಹೋಗಲಿಲ್ಲ. ಅಮೆರಿಕದಲ್ಲೇ ಹುಟ್ಟಿ ಅಲ್ಲಿನ ಪೌರರಾದ ಮಕ್ಕಳಿಗೂ ಅಪ್ಪ ಅಮ್ಮನ ಕಾಗದ ಸರಿ ಇಲ್ಲ ಅನ್ನೋ ಭಯದಿಂದ ಏನೂ ಕೇಳದೆ ಕೂರುವ ಮನೆಗಳನ್ನು ನಾನು ಅಲ್ಲಿ ನೋಡಿದೆ.

ನಮ್ಮ ರೂಮಿನ ತಾಯಿಗೂ ಅದೇ. ತೂಕ ಮಾಡಿ ಬರೆದುಕೊಂಡಾಗ ಅವಳ ಮುಖ ಬಾಡಿತು. ಎರಡು ದಿನ ಮಗುವನ್ನು ಕಳಿಸಲಿಲ್ಲ. ಹೆಸರು ಬರೆದುಕೊಂಡರೆ ಮೇಸ್ತ್ರಿಗೆ ಗೊತ್ತಾಗುತ್ತದೆ, ಕೆಲಸ ಹೋಗುತ್ತದೆ ಅಂದುಕೊಂಡಿದ್ದಳು. ಅವಳಿಗೆ ಬರುವ ಹರುಕು ಮುರುಕು ಹಿಂದಿಯಲ್ಲಿ, ನನಗೆ ಬರುವ ಅದಕ್ಕಿಂತ ಹರುಕು ಹಿಂದಿಯಲ್ಲಿ ಕೂತು ಮಾತಾಡಿದೆ. ಅಕ್ಕೋರು ಸಂಜೆ ತಾವೇ ರೂಮಿಗೆ ಬಂದರು. ಆಮೇಲೆ ಸರಿಹೋಯಿತು.

ಇನ್ನು ಕಡಿಮೆ ಆದ ಒಂದು ಅಂಕದ ಮಾತು. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಇದು ಅಕ್ಕೋರ ತಪ್ಪಲ್ಲ, ವ್ಯವಸ್ಥೆಯ ಕೊರತೆ.

ನಮ್ಮ ಕರಾವಳಿಯ ಮಳೆ ನಿಮಗೆ ಗೊತ್ತು. ಜೋರು ಮಳೆ ಅಂತ ಎಚ್ಚರಿಕೆ ಬಂದರೆ ಜಿಲ್ಲಾಡಳಿತ ಶಾಲೆ ಅಂಗನವಾಡಿಗಳಿಗೆ ರಜೆ ಕೊಡುತ್ತದೆ. ಕೊಡಲೇಬೇಕು, ಹಳ್ಳ ತುಂಬಿದಾಗ ಮಕ್ಕಳನ್ನು ಹೊರಗೆ ಬಿಡುವುದು ಹೇಗೆ. ಆದರೆ ಅದೇ ದಿನ ಕಟ್ಟಡದ ಕೆಲಸವೂ ನಿಲ್ಲುತ್ತದೆ. ಕೆಲಸ ಇಲ್ಲ ಅಂದರೆ ಕೂಲಿ ಇಲ್ಲ. ಅದೇ ಹೊತ್ತಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನ ಮೀನುಗಾರಿಕೆ ನಿಷೇಧ. ಬೈತಖೋಲ ಮೀನುಗಾರಿಕೆ ಬಂದರಿನಲ್ಲಿ ದೋಣಿಗಳೆಲ್ಲ ದಡದಲ್ಲಿ. ಬೇರೆ ಸಮಯದಲ್ಲಿ ಇಪ್ಪತ್ತು ಮೂವತ್ತು ರೂಪಾಯಿಗೆ ಒಂದು ಹಿಡಿ ತಾರ್ಲೆ ಮೀನಾದರೂ ಸಿಗುತ್ತಿತ್ತು, ಅದೂ ಇಲ್ಲ. ತರಕಾರಿ ರೇಟು ಮೇಲೆ ಹೋಗಿರುತ್ತದೆ. ಕೂಲಿ, ಮೀನು, ಅಂಗನವಾಡಿಯ ಊಟ ಮೂರೂ ಒಂದೇ ದಿನ ನಿಂತುಹೋದರೆ ಆ ಮಗುವಿಗೆ ಉಳಿಯುವುದು ಮತ್ತೆ ಉಪ್ಪು ಅನ್ನ. ಈ ಜುಲೈಯಲ್ಲಿ ಒಂದು ವಾರ ಹೀಗೇ ಆಯಿತು. ನಾನು ನಮ್ಮ ಮನೆಯಿಂದ ಸಾರು, ಮೊಟ್ಟೆ ಕೊಟ್ಟೆ. ನಾಲ್ಕು ರೂಮಿಗೆ ಕೊಡಬಹುದು. ಇಡೀ ಕೇರಿಗೆ ಎಲ್ಲಿಂದ ಕೊಡೋದು?

2020ರಲ್ಲಿ ಕೊರೊನಾ ಬಂದು ಅಂಗನವಾಡಿ ಮುಚ್ಚಿದಾಗ ಇದೇ ಅಕ್ಕೋರು ಅಕ್ಕಿ, ಬೇಳೆ, ಹೆಸರುಕಾಳು ಎಲ್ಲಾ ಮನೆಮನೆಗೆ ಮುಟ್ಟಿಸಿದ್ದರು. ಆ ದಾರಿ ಗೊತ್ತಿದೆ ಅಂದಮೇಲೆ ಜೂನ್ ಶುರುವಿಗೇ ಹತ್ತು ದಿನದ ಒಣ ದಿನಸಿಯನ್ನು ಮಕ್ಕಳಿರುವ ಮನೆಗೆ ಮೊದಲೇ ಕೊಟ್ಟಿಡಬಹುದಲ್ವಾ? ವಿಕ್ ಕಾರ್ಡಿನ ಒಂದು ಒಳ್ಳೆಯದು ಇದೇ, ಮಳೆ ಇರಲಿ ರಜೆ ಇರಲಿ, ಅಂಗಡಿ ತೆರೆದಿದ್ದರೆ ಹಾಲು ಮೊಟ್ಟೆ ಸಿಗುತ್ತದೆ. ನಮ್ಮದರ ಒಳ್ಳೆಯದು ಬೇರೆ, ಬಿಸಿ ಊಟ ಮಗುವಿನ ಹೊಟ್ಟೆಗೇ ಹೋಗುತ್ತದೆ, ಐದಕ್ಕೆ ನಿಲ್ಲದೆ ಆರು ವರ್ಷದವರೆಗೆ ಇರುತ್ತದೆ, ಆದಾಯದ ಲೆಕ್ಕ ಕೇಳುವುದಿಲ್ಲ. ನನಗೆ ಎರಡೂ ಬೇಕು ಅನಿಸುತ್ತದೆ.

ಇನ್ನೊಂದು ಕೊರತೆ ಚಿಕ್ಕ ಗಂಡಿನದು. ಮೂರು ವರ್ಷದೊಳಗಿನವರಿಗೆ ಅಲ್ಲಿ ಬಿಸಿ ಊಟ ಇಲ್ಲ, ಮನೆಗೆ ಪುಷ್ಟಿ ಹಿಟ್ಟಿನ ಪ್ಯಾಕೆಟು ಕೊಡುತ್ತಾರೆ. ಹಿಟ್ಟು ಒಳ್ಳೆಯದೇ, ನಾನೂ ಗಂಜಿ ಮಾಡಿ ನೋಡಿದ್ದೇನೆ. ಆದರೆ ಅದನ್ನು ಏನು ಮಾಡಬೇಕು ಅಂತ ತಾಯಿಗೆ ಗೊತ್ತಿರಲಿಲ್ಲ. ಪ್ಯಾಕೆಟ್ ಮೇಲೆ ಬರೆದಿದ್ದು ಓದಲು ಬರುವುದಿಲ್ಲ. ಎರಡು ಪ್ಯಾಕೆಟು ಹಾಗೇ ಮೂಲೆಯಲ್ಲಿ ಹುಳ ಹಿಡಿಯಿತು. ಆಮೇಲೆ ಸಹಾಯಕಿ ರೂಮಿಗೆ ಬಂದು ಅವಳ ಒಲೆಯಲ್ಲೇ, ಅವಳ ಪಾತ್ರೆಯಲ್ಲೇ ಗಂಟಾಗದ ಹಾಗೆ ಕಲಸಿ ಬೇಯಿಸಿ ತೋರಿಸಿದರು. ಹದಿನೈದು ನಿಮಿಷದ ಕೆಲಸ. ಈಗ ಅವಳು ಬೆಳಿಗ್ಗೆ ಐದೂವರೆಗೆ ಎದ್ದು ಅದನ್ನೇ ಮಾಡಿಟ್ಟು ಹೋಗುತ್ತಾಳೆ. ಹಗಲು ಆ ಮಗು ಕೆಲಸದ ಜಾಗದಲ್ಲೇ ಮರಳಿನ ರಾಶಿ ಪಕ್ಕ ಇರುತ್ತದೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಆಗಸ್ಟಿನಲ್ಲಿ ಹುಡುಗಿಯ ತೂಕ 13.6 ಕೆಜಿ ಆಗಿದೆ. ತೋಳಿನ ಪಟ್ಟಿ 13.1, ಹಸಿರು. ಅವತ್ತು ತಾಯಿ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು.

ಕಾರವಾರ, ಅಂಕೋಲಾ ಕಡೆ ನಿಮ್ಮ ಮನೆ ಹತ್ತಿರ ಹೊರಗಿನಿಂದ ಬಂದ ಇಂಥ ಕುಟುಂಬ ಇದ್ದರೆ ಹತ್ತಿರದ ಅಂಗನವಾಡಿಗೆ ನೀವೇ ಜೊತೆಗೆ ಹೋಗಿ. ಅವರನ್ನು ಬರೀ ಕಳಿಸಬೇಡಿ, ಮೊದಲ ದಿನ ವಾಪಸ್ ಬಂದುಬಿಡುತ್ತಾರೆ. ತಾಯಿಯ ಆಧಾರ್, ಮಗುವಿನ ಲಸಿಕೆ ಕಾರ್ಡು ಇದ್ದರೆ ತೆಗೆದುಕೊಳ್ಳಿ, ಇಲ್ಲದಿದ್ದರೂ ಹೋಗಿ. ಬೆಳಿಗ್ಗೆ ಹತ್ತರ ಒಳಗೆ ಹೋದರೆ ಅಕ್ಕೋರು ಬಿಡುವಾಗಿರುತ್ತಾರೆ. ಇಲ್ಲ ಅಂದರೆ ಮೇಲ್ವಿಚಾರಕಿ ಯಾರು ಅಂತ ಕೇಳಿ, ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಹೋಗಿ. ರೇಷನ್ ಕಾರ್ಡಿನಲ್ಲಿ ಮಕ್ಕಳ ಹೆಸರು ಇದೆಯಾ ಅಂತ ಮರೆಯದೆ ನೋಡಿ.

ನಮ್ಮ ಮೂರನೇ ರೂಮಿಗೆ ಮುಂದಿನ ವಾರ ಇನ್ನೊಂದು ಕುಟುಂಬ ಬರುತ್ತಿದೆ, ಎಂಟು ತಿಂಗಳ ಮಗು ಇದೆಯಂತೆ. ಅಕ್ಕೋರಿಗೆ ಆಗಲೇ ಹೇಳಿಟ್ಟಿದ್ದೇನೆ. ಅವರು ಕೇಳಿದ್ದು ಒಂದೇ ಮಾತು, ಆ ತಾಯಿ ಯಾವ ಭಾಷೆಯವಳು?